ಹುಲ್ಲು ತುಂಬಿದ ಚಪ್ಪಾಳೆ

ಕೊಟ್ಟಿಗೆಗೆ ಅಂಟಿದ ಕೋಣೆಯಿಂದ,
ಹನ್ನೊಂದನೇ ತಾರೀಖು, ಮಂಗಳವಾರ ಬೆಳಗ್ಗೆ.

ಪ್ರೀತಿಯ ಪುಟ್ಟೀ,

ಹೇಗಿದ್ದೀಯ? ತಲೆಸುತ್ತು ನಿಂತಿತಾ? ಉಗುರಿನ ಬುಡ ಕೆಂಪಗಾಗಿದೆಯಾ, ಇಲ್ಲಾ ಇನ್ನೂ ಸುಣ್ಣ ಬಳಿದ ಹಾಗೇ ಇದೆಯಾ? ವಾರ್ಡಿನಲ್ಲಿ ಎಂಟು ಗಂಟೆ ನಿಂತೇ ಇರಬೇಕು ಎಂದು ಬರೆದಿದ್ದೆ. ನಿಲ್ಲುವವಳು ಕಾಲಿಗೆ ಏನು ಹಾಕಿಕೊಳ್ಳುತ್ತೀಯ? ಚರ್ಮದ ಚಪ್ಪಲಿ ಮುಟ್ಟುವುದಿಲ್ಲ ಎಂದು ಆ ರಬ್ಬರಿನದನ್ನೇ ಎಳೆದುಕೊಂಡು ಓಡಾಡಿ ಹಿಮ್ಮಡಿ ಒಡೆಸಿಕೊಂಡಿದ್ದೆಯಲ್ಲ, ಅದು ವಾಸಿಯಾಯಿತಾ? ನರ್ಸ್ ಆಗಲು ಹೋದವಳು ತಾನೇ ಮಂಚದ ಮೇಲೆ ಮಲಗಿದರೆ ರೋಗಿಗಳು ನಗುತ್ತಾರೆ. ಇದಕ್ಕೆಲ್ಲ ಬಿಡಿಬಿಡಿಯಾಗಿ ಉತ್ತರ ಬರಿ. ‘ಚೆನ್ನಾಗಿದ್ದೀನಿ ಅಜ್ಜ’ ಎಂದು ಒಂದು ಸಾಲು ಬರೆದು ತಪ್ಪಿಸಿಕೊಳ್ಳಬೇಡ. ಆ ಒಂದು ಸಾಲನ್ನು ನಂಬಿ ನಾವು ಕೂತಿದ್ದಾಗಲೇ ನೀನು ವಾರ್ಡಿನಲ್ಲಿ ಧೊಪ್ಪನೆ ಬಿದ್ದದ್ದು.

ನನ್ನ ಸೊಂಟ ಹಾಗೇ ಇದೆ. ಮಂಚದಿಂದ ಕಿಟಕಿಗೆ, ಕಿಟಕಿಯಿಂದ ಬಚ್ಚಲಿಗೆ, ಬಚ್ಚಲಿಂದ ಮತ್ತೆ ಮಂಚಕ್ಕೆ. ಗೇಟು ದಾಟಿ ಏಳು ತಿಂಗಳಾಯಿತು. ನಿಮ್ಮಪ್ಪ ಗಟ್ಟಿಮುಟ್ಟಾಗಿದ್ದಾನೆ, ಅವನ ಬಾಯಿಯೂ ಗಟ್ಟಿಮುಟ್ಟಾಗಿದೆ. ನಿಮ್ಮಮ್ಮ ಇಳಿದುಹೋಗಿದ್ದಾಳೆ, ಕೇಳಿದರೆ ನನ್ನ ಕಣ್ಣೇ ಸರಿಯಿಲ್ಲ ಎನ್ನುತ್ತಾಳೆ. ನನ್ನ ಕೋಣೆಯ ಕಿಟಕಿ ರಸ್ತೆಗೆ ತೆರೆಯುವುದಿಲ್ಲ, ಕೊಟ್ಟಿಗೆಗೆ ತೆರೆಯುತ್ತದೆ ಎಂದು ನಿನಗೆ ಗೊತ್ತು. ದಿನವಿಡೀ ನಾನು ಹಸುಗಳ ಮುಖ ನೋಡುತ್ತೇನೆ, ಅವು ನನ್ನ ಮುಖ ನೋಡುತ್ತವೆ. ಇಬ್ಬರಿಗೂ ಬೇರೆ ಗತಿಯಿಲ್ಲ.

ಮೊದಲು ಒಂದು ಮಾತು. ಈ ಕಾಗದ ನಿಮ್ಮಮ್ಮನ ಕೈಯಿಂದ ಅಂಚೆ ಡಬ್ಬಕ್ಕೆ ಬೀಳುವುದಿಲ್ಲ. ಹಿಂದಿನ ಕಾಗದಗಳನ್ನೆಲ್ಲ ಅವಳು ಓದಿಯೇ ಲಕೋಟೆ ಅಂಟಿಸಿದ್ದು. ಒಂದನ್ನು ನನ್ನೆದುರಿಗೇ ಹರಿದು ಹಾಕಿ, ‘ಇದು ಬೇಡಪ್ಪ, ಬೇರೆ ಬರಿ’ ಎಂದು ಹೊಸ ಹಾಳೆ ಕೊಟ್ಟಿದ್ದಳು. ಫೋನು ಅವಳ ಹತ್ತಿರವೇ ಇರುತ್ತದೆ, ಕೊಟ್ಟರೂ ನನ್ನ ಕಿವಿಗೆ ಅದರಲ್ಲಿ ಗೊರಗೊರ ಬಿಟ್ಟು ಏನೂ ಕೇಳದು. ಇವತ್ತು ದನದ ಆಸ್ಪತ್ರೆಯ ಕಾಂಪೌಂಡರ್ ಗೊರಸು ನೋಡಲು ಬರುತ್ತಾನೆ. ಅವನ ಅಂಗಿಯ ಜೇಬಿಗೆ ಇದನ್ನು ತುರುಕುತ್ತೇನೆ. ಅವನು ಬರುವುದರೊಳಗೆ ಬರೆದು ಮುಗಿಸಬೇಕು. ನಾಲ್ಕನೇ ಕ್ಲಾಸಿನಲ್ಲಿ ನಮ್ಮಪ್ಪ ಬಳಪ ಕಸಿದುಕೊಂಡು ದಬ್ಬಳ ಕೊಟ್ಟ. ಅಂದಿನಿಂದ ನನ್ನ ಕೈಗೆ ಹೊಲಿಗೆ ನೆಟ್ಟಗೆ ಬರುತ್ತದೆ, ಅಕ್ಷರ ಬರುವುದಿಲ್ಲ. ನೀನೇ ಕೂಡಿಸಿ ಓದಿಕೋ.

ನಿನ್ನ ಕಾಗದ ಶನಿವಾರ ಬಂತು. ಬರುವ ಭಾನುವಾರ ಹಾಸ್ಟೆಲಿನ ಹನ್ನೊಂದು ಹುಡುಗಿಯರನ್ನು ಕಟ್ಟಿಕೊಂಡು ಬರುತ್ತೀಯಂತೆ, ಪಾಠ ಮಾಡುವ ಮೇಡಮ್ಮೂ ಕ್ಯಾಮೆರಾ ಹಿಡಿದು ಬರುತ್ತಾರಂತೆ. ‘ಕರು ಹೊಟ್ಟೆ ತುಂಬ ಕುಡಿದು ಮಿಕ್ಕಿದ್ದು ಮನುಷ್ಯರಿಗೆ ಅನ್ನೋದು ಕಥೆಯಲ್ಲಿ ಮಾತ್ರ ಅಂತಾರೆ ಅಜ್ಜ, ನಮ್ಮ ಕೊಟ್ಟಿಗೆ ತೋರಿಸಿ ಎಲ್ಲರ ಬಾಯಿ ಮುಚ್ಚಿಸ್ತೀನಿ’ ಎಂದು ಬರೆದಿದ್ದೀಯ. ನಿಮ್ಮಮ್ಮ ಅದನ್ನು ಓದಿ ಹಾಲಿನ ಕ್ಯಾನಿನ ಮೇಲೆ ಕುಸಿದು ಕೂತಳು. ನಿಮ್ಮಪ್ಪ ನಕ್ಕ. ಆಮೇಲೆ ತಲೆ ಕೆರೆದುಕೊಂಡು, ಹಾಲಿನ ಕೇಂದ್ರದವಳ ಮನೆಯಲ್ಲಿ ನಮ್ಮ ಕರು ಚಪ್ಪಾಳೆಯ ಬಣ್ಣದ್ದೇ ಗಂಡು ಕರು ಇದೆ, ನೆತ್ತಿಯ ಮೇಲೆ ಬಿಳಿ ಮಾತ್ರ ಇಲ್ಲ, ಬಳಿದರಾಯಿತು, ಶನಿವಾರ ಸಂಜೆ ತಂದು ಕಟ್ಟುತ್ತೇನೆ ಎಂದ. ‘ನಾಕು ತಿಂಗಳಲ್ಲಿ ಬೆಳ್ದಿದೆ ಅಂದ್ರೆ ಯಾರು ಗುರುತು ಹಿಡೀತಾರೆ?’ ಎಂದು ನನ್ನನ್ನೇ ಕೇಳಿದ. ನೀನು ನಂಬುವಂತೆ ಒಂದು ಕಾಗದ ನಾನು ಮೊದಲೇ ಬರೆಯಬೇಕಂತೆ, ಚಪ್ಪಾಳೆ ಎತ್ತರಕ್ಕೆ ಬೆಳೆದಿದೆ, ನೆತ್ತಿಯ ಬಿಳಿ ಸ್ವಲ್ಪ ಮಾಸಿದೆ ಎಂದು. ನಾನು ಊರುಗೋಲು ಎತ್ತಿದೆ. ಅವನು ಹೊರಗೆ ಹೋದ. ಆದರೆ ಕರು ನೋಡಿಕೊಂಡು ಬಂದಿದ್ದಾನೆ, ಮಾತೂ ಆಡಿಬಂದಿದ್ದಾನೆ.

ಸುತ್ತಿ ಬಳಸಿ ಹೇಳುವುದು ನನಗೆ ಬಾರದು. ಚಪ್ಪಾಳೆ ಇಲ್ಲ. ಸತ್ತು ನಾಲ್ಕು ತಿಂಗಳಾಗುತ್ತಾ ಬಂತು. ನೀನು ರಜೆ ಮುಗಿಸಿ ಹೋದಾಗ ಒಂಬತ್ತು ದಿನದ ಕರು, ಕಿವಿ ಎರಡನ್ನೂ ಪಟಪಟ ಬಡಿದುಕೊಂಡು ನಿನ್ನ ಹಿಂದೆ ಗೇಟಿನವರೆಗೆ ಬಂದಿತ್ತು. ಆ ಕಿವಿಗೇ ತಾನೆ ನೀನು ಆ ಹೆಸರಿಟ್ಟದ್ದು. ತಿಂಗಳು ತುಂಬಿದ ಮೇಲೆ ಭೇದಿ ಹಿಡಿಯಿತು. ಮೊದಲ ದಿನ ಬಾಲ ಒದ್ದೆ, ಎರಡನೇ ದಿನ ಕಣ್ಣು ಒಳಗೆ ಹೋಯಿತು, ಮೂರನೇ ದಿನ ಬೆಳಗ್ಗೆ ಏಳಲಿಲ್ಲ. ಕಾಂಪೌಂಡರ್ ಬಂದು ಸೂಜಿ ಹಾಕುವಷ್ಟರಲ್ಲಿ ಸೂಜಿ ಚುಚ್ಚಿಸಿಕೊಳ್ಳಲು ಅಲ್ಲಿ ಯಾರೂ ಇರಲಿಲ್ಲ. ಯಾರೂ ಮಾರಲಿಲ್ಲ, ಯಾರೂ ಕಸಾಯಿಖಾನೆಯ ಗಾಡಿಗೆ ಹತ್ತಿಸಲಿಲ್ಲ. ಅಷ್ಟರಮಟ್ಟಿಗೆ ನಿನಗೆ ಕೊಟ್ಟ ಮಾತು ಉಳಿಯಿತು ಎಂದು ಆವತ್ತು ನನಗೆ ನಾನೇ ಹೇಳಿಕೊಂಡೆ. ನಾಚಿಕೆಗೆಟ್ಟ ಸಮಾಧಾನ.

ನಿನಗೆ ಕೊಟ್ಟ ಆ ಮಾತು ನೆನಪಿದೆ ತಾನೆ? ನೀನು ವಾರ್ಡಿನಲ್ಲಿ ಬಿದ್ದು, ಡಾಕ್ಟರು ರಕ್ತ ಪರೀಕ್ಷೆ ಮಾಡಿ, ‘ಸೊಪ್ಪು ಕಾಳು ತಿಂದುಕೊಂಡೂ ಗಟ್ಟಿಯಾಗಿ ಇರಬಹುದು, ಆದರೆ ನೀನು ಅದನ್ನೂ ಸರಿಯಾಗಿ ತಿನ್ನುತ್ತಿಲ್ಲ’ ಎಂದು ಬೈದರಂತೆ. ನಿಮ್ಮಮ್ಮ ಫೋನಿನಲ್ಲಿ ಅತ್ತಳು. ಆಮೇಲೆ ನೀನು ಬರೆದೆ, ಬೆಣ್ಣೆ ತಿನ್ನುತ್ತೇನೆ, ಆದರೆ ನಮ್ಮ ಹಸು ದೊಡ್ಡಕ್ಕನ ಹಾಲಿನದು ಮಾತ್ರ, ಚಪ್ಪಾಳೆ ಕುಡಿದು ಮಿಕ್ಕಿದ್ದು ಮಾತ್ರ, ಅವನನ್ನು ಗಾಡಿಗೆ ಹಾಕಬಾರದು, ದೊಡ್ಡಕ್ಕನಿಗೆ ಹಾಲು ಇಳಿಸುವ ಇಂಜೆಕ್ಷನ್ ಚುಚ್ಚಬಾರದು ಎಂದು. ಕೊನೆಗೆ, ‘ಅಮ್ಮ ಹೇಳಿದ್ರೆ ನಂಬಲ್ಲ, ಅಪ್ಪ ಹೇಳಿದ್ರೆ ಮೊದಲೇ ನಂಬಲ್ಲ. ಅಜ್ಜ ಬೈತಾರೆ, ಸುಳ್ಳು ಹೇಳಲ್ಲ. ಅಜ್ಜ ಬರೆದುಕೊಡಲಿ’ ಎಂದಿದ್ದೆ. ನಾನು ಬರೆದುಕೊಟ್ಟೆ. ಬರೆದಾಗ ಅದು ನಿಜವೇ ಆಗಿತ್ತು. ನಿನ್ನ ಆ ಸಾಲನ್ನು ಎಷ್ಟು ಸಲ ಓದಿಕೊಂಡೆ ಎಂದರೆ ಹಾಳೆಯ ಮಡಿಕೆ ಹರಿದುಹೋಯಿತು. ಎಪ್ಪತ್ತಾರು ವರ್ಷದಲ್ಲಿ ಯಾರೂ ನನಗೆ ಅಂಥ ಸರ್ಟಿಫಿಕೇಟು ಕೊಟ್ಟಿರಲಿಲ್ಲ.

ಚಪ್ಪಾಳೆ ಹೋದ ದಿನದಿಂದ ದೊಡ್ಡಕ್ಕ ಹಾಲು ಇಳಿಸುವುದನ್ನೇ ನಿಲ್ಲಿಸಿದಳು. ಬೇರೆ ಹಸುಗಳ ಹಾಗಲ್ಲ ಅವಳು, ಕರು ಮೂತಿ ಇಡದೆ ಒಂದು ಹನಿಯೂ ಕೊಡುವವಳಲ್ಲ. ನಿಮ್ಮಮ್ಮ ಕೆಚ್ಚಲಿಗೆ ಬಿಸಿನೀರು ಹಾಕಿದಳು, ಸವರಿದಳು, ಬೇಡಿಕೊಂಡಳು. ದೊಡ್ಡಕ್ಕ ಕ್ಯಾನು ಒದ್ದು ಗೋಡೆಗೆ ಬಡಿದಳು. ಎರಡು ದಿನ ಕೂಗಿದಳು, ಪುಟ್ಟೀ. ನನ್ನ ಕಿವಿ ಮಂದ ಎಂದು ನಾನು ಆ ಎರಡು ದಿನ ದೇವರಿಗೆ ಕೃತಜ್ಞನಾಗಿದ್ದೆ. ಆದರೂ ಕೇಳಿಸಿತು. ಮೂರನೇ ದಿನಕ್ಕೆ ಕೆಚ್ಚಲು ಬಿಗಿದು ಹೊಳೆಯತೊಡಗಿತು. ನಿಮ್ಮಪ್ಪ ಇಂಜೆಕ್ಷನ್ ಡಬ್ಬ ಹೊರಗೆ ತೆಗೆದ. ಯಾರು ಹೇಳಿದರೋ, ಗಾಡಿಯವನೂ ಗೇಟಿನ ಹತ್ತಿರ ಬಂದು ನಿಂತ. ಬತ್ತಿಹೋಗುವ ಹಸು ಎಲ್ಲಿದೆ ಎಂದು ಅವನಿಗೆ ಅದೆಲ್ಲಿಂದ ಗೊತ್ತಾಗುತ್ತದೋ ನನಗೆ ಇವತ್ತಿಗೂ ತಿಳಿದಿಲ್ಲ. ‘ಕೊಡೋದಿದ್ರೆ ಈ ವಾರವೇ ಕೊಡಿ, ಮೈಯಲ್ಲಿ ಮಾಂಸ ಇರೋವಾಗ’ ಎಂದ. ನಿಮ್ಮಮ್ಮ ನನ್ನ ಬಾಗಿಲಿಗೆ ಬಂದು ನಿಂತಳು. ಕೈಯಲ್ಲಿ ಕರುವಿನ ಚರ್ಮ ಮಡಿಸಿ ಹಿಡಿದಿದ್ದಳು. ಸತ್ತ ದನ ಒಯ್ಯುವವನು ಮೈ ಒಯ್ದು ಚರ್ಮ ಬಿಟ್ಟುಹೋಗಿದ್ದ, ಅವಳೇ ಹೇಳಿ ಬಿಡಿಸಿಕೊಂಡಿದ್ದಳು. ‘ಅಪ್ಪ, ನಿಂಗೆ ಹೊಲಿಯೋಕೆ ಬರುತ್ತಲ್ಲ’ ಎಂದಳು.

ಬರುತ್ತದೆ. ಬರದೆ ಏನು? ಐವತ್ತು ವರ್ಷ ಹಾಸಿಗೆ ಹೊಲಿದವನು ನಾನು. ಮದುಮಕ್ಕಳ ಹಾಸಿಗೆ, ಬಾಣಂತಿಯ ಹಾಸಿಗೆ, ಆಸ್ಪತ್ರೆಯ ಹಾಸಿಗೆ, ಎಲ್ಲ. ತುಂಬುವುದು, ತಟ್ಟುವುದು, ಅಂಚು ಕಟ್ಟುವುದು ಕಣ್ಣು ಮುಚ್ಚಿಕೊಂಡು ಮಾಡುತ್ತೇನೆ. ಚರ್ಮದ ಒಳಗೆಲ್ಲ ಉಪ್ಪು ಉಜ್ಜಿ, ಪಟಿಕದ ಪುಡಿ ಹಾಕಿ, ನೆರಳಲ್ಲಿ ಚಾಚಿ ಒಣಗಿಸಿದೆ. ಒಣಹುಲ್ಲನ್ನು ಬೆರಳುದ್ದ ಕತ್ತರಿಸಿ ಕಾಲಿನಿಂದ ತುಂಬುತ್ತಾ ಬಂದೆ, ಬೆನ್ನಿಗೆ ಒಂದು ಕೋಲು ಕೊಟ್ಟೆ. ಹೊಟ್ಟೆಯ ಕೆಳಗೆ ಒಂದೇ ಉದ್ದದ ಹೊಲಿಗೆ, ಒಳಮಡಿಕೆಯದು, ಕಾಣುವುದಿಲ್ಲ. ಕಣ್ಣಿನ ಜಾಗ ಹೊಲಿದು ಮುಚ್ಚಿದೆ. ಕಿವಿಗೆ ಮಾತ್ರ ಏನೂ ತುಂಬಲಿಲ್ಲ, ಹಾಗೇ ಬಿಟ್ಟೆ. ಕಡೆಯ ಗಂಟು ಹಾಕಿ ಎತ್ತಿ ನಿಲ್ಲಿಸಿದಾಗ, ಹೇಳಬಾರದು, ಆದರೂ ಹೇಳುತ್ತೇನೆ, ನನಗೆ ಹೆಮ್ಮೆಯಾಯಿತು. ಸೊಂಟ ಮುರಿದ ಮೇಲೆ ನನ್ನ ಕೈಯಿಂದ ಆದ ಮೊದಲ ಕೆಲಸ ಅದು. ನಿಮ್ಮಮ್ಮ ಅದರ ಮೂತಿಗೆ ಹಾಲು ಸವರಿ ದೊಡ್ಡಕ್ಕನ ಎದುರಿಗೆ ಹಿಡಿದಳು. ದೊಡ್ಡಕ್ಕ ಮೂಸಿದಳು. ಬಹಳ ಹೊತ್ತು ಮೂಸಿದಳು. ಕತ್ತು ಎತ್ತಿ ಕಿಟಕಿಯಲ್ಲಿ ನನ್ನನ್ನು ನೋಡಿದಳು. ಆಮೇಲೆ ಬೆನ್ನು ನೆಕ್ಕತೊಡಗಿದಳು, ಹಾಲು ಇಳಿಯಿತು. ಕ್ಯಾನಿಗೆ ಚರ್ರೆಂದು ಬೀಳುವ ಸದ್ದು ಕೇಳಿ ನಿಮ್ಮಮ್ಮ ಅತ್ತಳು. ನಿಮ್ಮಪ್ಪ ಗೇಟಿಗೆ ಹೋಗಿ, ಮತ್ತೆ ಬಂದು ನಿಂತಿದ್ದ ಗಾಡಿಯವನನ್ನು ಕಳಿಸಿಬಂದ.

ಅಂದಿನಿಂದ ಅದು ನನ್ನ ಕೋಣೆಯಲ್ಲೇ ಇರುತ್ತದೆ. ಹೊರಗಿಟ್ಟರೆ ಇಲಿ ಕಡಿಯುತ್ತವೆ. ಬೆಳಗ್ಗೆ ನಿಮ್ಮಮ್ಮ ಒಯ್ಯುತ್ತಾಳೆ, ತಂದಿಡುತ್ತಾಳೆ, ಸಂಜೆ ಒಯ್ಯುತ್ತಾಳೆ, ತಂದಿಡುತ್ತಾಳೆ. ನಡುವಿನ ಹೊತ್ತೆಲ್ಲ ಅದೂ ನಾನೂ. ನಾನು ಊಟ ಮಾಡುವಾಗ ಎದುರಿಗೆ ನಿಂತಿರುತ್ತದೆ. ವಾಸನೆ ಇದೆ, ಪಟಿಕ ಹಾಕಿದರೂ ಇದೆ, ನನ್ನ ಹೊದಿಕೆಗೂ ಅಂಟಿದೆ. ಗೋಡೆಯ ಕಡೆ ತಿರುಗಿಸಿ ಇಟ್ಟು ನೋಡಿದೆ, ಹಾಗೆ ತಿರುಗಿಸಿದಾಗ ಸಿಟ್ಟಾಗಿ ಮುಖ ತಿರುಗಿಸಿದ ಹಾಗೆ ಕಾಣುತ್ತದೆ, ಇನ್ನೂ ಕೆಟ್ಟದ್ದು. ಮತ್ತೆ ನೆಟ್ಟಗೆ ತಿರುಗಿಸಿದೆ.

ಇನ್ನು ನಿನಗೆ ಬರೆದ ಕಾಗದಗಳ ವಿಷಯ. ಪ್ರತಿ ಸಲ ‘ಚಪ್ಪಾಳೆ ಹೇಗಿದ್ದಾನೆ’ ಎಂದು ಮೊದಲ ಸಾಲಿನಲ್ಲೇ ಕೇಳುತ್ತಿದ್ದೆ, ಅಜ್ಜ ಹೇಗಿದ್ದಾರೆ ಎಂಬುದು ಎಲ್ಲೋ ಕಡೆಯಲ್ಲಿ. ಇರಲಿ. ನಾನು ಸುಳ್ಳು ಬರೆಯಲಿಲ್ಲ. ‘ಚಪ್ಪಾಳೆ ತಾಯಿಯ ಹತ್ತಿರವೇ ಇದೆ’ ಎಂದು ಬರೆದೆ, ಇತ್ತು. ‘ದೊಡ್ಡಕ್ಕ ದಿನಾ ಎರಡು ಹೊತ್ತು ಅದನ್ನು ನೆಕ್ಕುತ್ತಾಳೆ’ ಎಂದೆ, ನೆಕ್ಕುತ್ತಿದ್ದಳು. ‘ಇಂಜೆಕ್ಷನ್ ಡಬ್ಬಕ್ಕೆ ತುಕ್ಕು ಹಿಡಿದಿದೆ’ ಎಂದೆ, ಹಿಡಿದಿದೆ. ‘ಮಾರುವ ಮಾತೇ ಇಲ್ಲ’ ಎಂದೆ, ಅದನ್ನು ಯಾರು ಕೊಳ್ಳುತ್ತಾರೆ? ಒಂದೊಂದು ಸಾಲು ಬರೆದಾಗಲೂ ನನ್ನ ಬುದ್ಧಿವಂತಿಕೆಗೆ ನಾನೇ ತಲೆದೂಗಿದೆ. ಸುಳ್ಳು ಹೇಳದೆ ಮೋಸ ಮಾಡುವುದು ಸುಳ್ಳು ಹೇಳುವುದಕ್ಕಿಂತ ಸುಲಭ, ಪುಟ್ಟೀ, ಬೆವರೂ ಬರುವುದಿಲ್ಲ. ನೀನು ಫೋಟೋ ಕೇಳಿದೆ. ನಿಮ್ಮಮ್ಮ ಪಕ್ಕದಿಂದ, ಕಿವಿ ಮುಂದೆ ಬರುವ ಹಾಗೆ, ದೊಡ್ಡಕ್ಕನ ನಾಲಿಗೆ ಅದರ ಮುಖಕ್ಕೆ ಅಡ್ಡ ಇರುವಾಗ ತೆಗೆದು ಕಳಿಸಿದಳು. ನೀನು ಅದನ್ನು ಹಾಸ್ಟೆಲ್ ಗೋಡೆಗೆ ಅಂಟಿಸಿದೆ ಎಂದು ಬರೆದ ದಿನ ನಾನು ಊಟ ಬಿಟ್ಟೆ. ನಿಮ್ಮಮ್ಮ ಅಜೀರ್ಣ ಎಂದುಕೊಂಡು ಕಷಾಯ ಕುಡಿಸಿದಳು.

ನಗಬೇಕಾದದ್ದೂ ಒಂದಿದೆ. ನಗು ಬಂದರೆ ನಗು. ಹೋದ ತಿಂಗಳು ನೆಕ್ಕಿ ನೆಕ್ಕಿ ಪಕ್ಕೆಯ ಚರ್ಮ ಬಿರಿಯಿತು. ಹುಲ್ಲು ಹೊರಗೆ ಇಣುಕಿತು. ದೊಡ್ಡಕ್ಕ ಒಂದು ಎಳೆ ಎಳೆದಳು, ಮೂಸಿದಳು, ತಿಂದಳು. ಇನ್ನೊಂದು ಎಳೆದಳು. ನಿಮ್ಮಮ್ಮ ಕೆಳಗೆ ಕೂತು ಹಿಂಡುತ್ತಿದ್ದಳು, ಅವಳಿಗೆ ಕಾಣಲಿಲ್ಲ. ನನಗೆ ಕಿಟಕಿಯಿಂದ ಕಾಣುತ್ತಿತ್ತು, ಕೂಗಲಿಲ್ಲ. ಹಿಂಡಿ ಮುಗಿಯುವವರೆಗೆ ಆ ತಾಯಿ ತನ್ನ ಕರುವಿನ ಹೊಟ್ಟೆಯೊಳಗಿನ ಹುಲ್ಲನ್ನು ನೆಮ್ಮದಿಯಾಗಿ ಮೆಲ್ಲುತ್ತಾ ನಿಂತಿದ್ದಳು, ಹಾಲೂ ಇಳಿಸುತ್ತಿದ್ದಳು. ತಪ್ಪು ನನ್ನದು. ಹಸುವಿನ ಮುಂದೆ ಇಡುವ ವಸ್ತುವಿಗೆ ಹುಲ್ಲು ತುಂಬುವ ಮಡ್ಡ ನನ್ನ ಬಿಟ್ಟು ಇನ್ಯಾರು? ಹಾಸಿಗೆಯವನ ಬುದ್ಧಿ, ಮೆತ್ತಗೆ ಇರಲಿ ಎಂದು. ಈಗ ಹಳೆಯ ಹಾಸಿಗೆಯೊಂದನ್ನು ಬಿಚ್ಚಿ ನಾರು ತುಂಬಿದ್ದೇನೆ. ದೊಡ್ಡಕ್ಕನಿಗೆ ಗೊತ್ತಿದೆಯೋ ಇಲ್ಲವೋ ಎಂದು ನೀನು ಕೇಳುತ್ತೀಯ. ನಾನೂ ದಿನಾ ಅದನ್ನೇ ಕೇಳಿಕೊಳ್ಳುತ್ತೇನೆ. ಗೊತ್ತಿದೆ ಎಂದೇ ನನಗೆ ಅನಿಸುತ್ತದೆ. ಗೊತ್ತಿದ್ದೂ ನೆಕ್ಕಲು ಏನಾದರೂ ಬೇಕು ಅವಳಿಗೆ. ಗೊತ್ತಿಲ್ಲದಿದ್ದರೆ ಮೋಸ ನನ್ನದು, ಗೊತ್ತಿದ್ದರೆ ಅವಳ ಕಷ್ಟ ಇನ್ನೂ ದೊಡ್ಡದು. ಯಾವುದನ್ನು ಒಪ್ಪಿಕೊಂಡರೂ ನನಗೆ ಹಗುರಾಗುವುದಿಲ್ಲ.

ನೀನು ಹೋದ ವರ್ಷ ಊಟದ ತಟ್ಟೆ ದೂಡಿ ಎದ್ದಾಗ ನಾನು ಎಷ್ಟು ಕೂಗಾಡಿದ್ದೆ, ಮರೆತಿಲ್ಲ. ‘ನನ್ನಪ್ಪ ತಿಂದ, ನಾನು ತಿಂದೆ, ಮೂಳೆ ಕಡಿದು ಬೆಳೆದ ಮೈ ಇದು, ನೀನ್ಯಾವಳೇ ನನಗೆ ಹೇಳೋಕೆ?’ ಎಂದಿದ್ದೆ. ನೀನು ಹೆದರಲಿಲ್ಲ. ‘ಮಾಂಸ ಬಿಡಿ ಅಜ್ಜ, ಹಾಲೂ ಅಷ್ಟೇ. ಗಂಡು ಕರು ಎಲ್ಲಿಗೆ ಹೋಗುತ್ತೆ ಅಂತ ಯಾವತ್ತಾದ್ರೂ ಕೇಳಿದ್ದೀರಾ?’ ಎಂದೆ. ಆಮೇಲೆ ನನ್ನ ದಿಂಬಿಗೂ ಬಂದೆ. ಬಾತುಕೋಳಿಯ ಪುಕ್ಕ ತುಂಬಿದ ದಿಂಬು, ನನ್ನ ಕೈಯ ಅತ್ಯುತ್ತಮ ಕೆಲಸ, ಅದನ್ನು ಎರಡು ಬೆರಳಲ್ಲಿ ಹಿಡಿದು ಸತ್ತ ಇಲಿಯ ಹಾಗೆ ಕೆಳಗಿಟ್ಟೆ. ಆವತ್ತು ನಿನ್ನನ್ನು ಎರಡು ಬಿಗಿಯಬೇಕು ಅನ್ನಿಸಿತ್ತು. ಈಗ ಹೇಳುತ್ತೇನೆ ಕೇಳು. ನಾನು ಜೀವಮಾನವಿಡೀ ಮಾಂಸ ತಿಂದೆ, ಒಂದು ದಿನವೂ ನಿದ್ದೆ ಕೆಡಲಿಲ್ಲ. ಕಟುಕ ಎದುರಿಗೆ ಕಡಿಯುತ್ತಾನೆ, ಅವನ ಹೆಸರೇ ಕಟುಕ, ಅವನು ಬೇರೆ ಏನೂ ಹೇಳಿಕೊಳ್ಳುವುದಿಲ್ಲ. ನಿದ್ದೆ ಕೆಟ್ಟದ್ದು ಈ ಹಾಲಿನಿಂದ. ಇಲ್ಲಿ ರಕ್ತವಿಲ್ಲ, ಕತ್ತಿಯಿಲ್ಲ, ಬೆಳ್ಳಗಿದೆ, ನೊರೆ ಬರುತ್ತದೆ, ಕೂಸಿಗೂ ಕುಡಿಸುತ್ತಾರೆ. ನಾನು ಮಾತ್ರ ಒಂದು ಹಸುವಿನ ಮುಂದೆ ದಿನಕ್ಕೆ ಎರಡು ಸಲ ಅದರ ಸತ್ತ ಮಗುವನ್ನು ನಿಲ್ಲಿಸುತ್ತೇನೆ. ನೀನು ಸರಿ, ನಾನು ತಪ್ಪು ಎಂದು ಬರೆಯುತ್ತಿಲ್ಲ, ಹಿಗ್ಗಬೇಡ. ಮಾಂಸದ ವಿಷಯದಲ್ಲಿ ನಾನಿನ್ನೂ ಒಪ್ಪಿಲ್ಲ. ಕಂಡದ್ದನ್ನು ಬರೆದೆ.

ಬಿಟ್ಟುಬಿಡಬಹುದಲ್ಲ ಅಜ್ಜ ಎನ್ನುತ್ತೀಯ. ಎಲ್ಲಿ ಬಿಡಲಿ? ಈ ಗೊಂಬೆಯನ್ನು ಒಲೆಗೆ ಹಾಕಿದರೆ ದೊಡ್ಡಕ್ಕ ಬತ್ತುತ್ತಾಳೆ. ಬತ್ತಿದರೆ ಗಾಡಿ ಬರುತ್ತದೆ. ನಿಮ್ಮಪ್ಪ ಕೆಟ್ಟವನಲ್ಲ, ಆದರೆ ಹಾಲಿಲ್ಲದ ಹಸುವಿಗೆ ಮೇವು ಹಾಕುವಷ್ಟು ಜಾಗ ಈ ಕೊಟ್ಟಿಗೆಯಲ್ಲೂ ಇಲ್ಲ, ಅವನ ತಲೆಯಲ್ಲೂ ಇಲ್ಲ. ಹೊಲಿಯುತ್ತಾ ಇದ್ದರೆ ಅವಳು ಬದುಕುತ್ತಾಳೆ, ಮೋಸದಲ್ಲಿ ಬದುಕುತ್ತಾಳೆ. ನಿನಗೆ ಹೇಳಿದರೆ ನೀನು ಬೆಣ್ಣೆ ಬಿಡುತ್ತೀಯ, ಮತ್ತೆ ಎಲ್ಲಾದರೂ ಬೀಳುತ್ತೀಯ. ಹೇಳದಿದ್ದರೆ ನೀನೂ ನೆಕ್ಕುತ್ತಾ ಇರುತ್ತೀಯ. ಬಯ್ದೆ ಎಂದುಕೊಳ್ಳಬೇಡ, ಬೇರೆ ಮಾತು ಸಿಗಲಿಲ್ಲ. ಈ ಕೋಣೆಗೆ ಬಾಗಿಲು ಒಂದು, ಕಿಟಕಿ ಒಂದು. ಬಾಗಿಲಲ್ಲಿ ನಿಮ್ಮಮ್ಮ, ಕಿಟಕಿಯಲ್ಲಿ ದೊಡ್ಡಕ್ಕ. ನಾಲ್ಕು ತಿಂಗಳಿಂದ ನಾನು ಎತ್ತ ತಿರುಗಿದರೂ ಯಾರದೋ ಮುಖಕ್ಕೆ ತಿರುಗಬೇಕು.

ಆದರೂ ಇಷ್ಟು ದಿನ ಸುಮ್ಮನಿದ್ದೆ. ನೀನು ಒಬ್ಬಳೇ ನಂಬಿಕೊಂಡಿದ್ದರೆ ಇನ್ನೂ ಸುಮ್ಮನಿರುತ್ತಿದ್ದೆನೋ ಏನೋ. ಈಗ ನೀನು ಹನ್ನೊಂದು ಹುಡುಗಿಯರ ಮುಂದೆ ನಿಂತು, ಸುಣ್ಣ ಬಳಿದ ಯಾರದೋ ಮನೆಯ ಕರುವಿನ ಕೊರಳು ತಬ್ಬಿಕೊಂಡು, ‘ನೋಡಿ, ನಮ್ಮಜ್ಜ ಮಾತು ಉಳಿಸಿದ್ದಾರೆ’ ಎನ್ನುತ್ತೀಯ. ದೊಡ್ಡಕ್ಕ ಆ ಕರುವನ್ನು ಹತ್ತಿರ ಸೇರಿಸುವುದಿಲ್ಲ, ಒದೆಯುತ್ತಾಳೆ. ಎಲ್ಲರೂ ನೋಡುತ್ತಾರೆ. ನಿನ್ನ ಮುಖ ಆಗ ಹೇಗಾಗುತ್ತದೆ ಎಂದು ಈ ಕಿಟಕಿಯಲ್ಲಿ ಕೂತು ನಾನು ನೋಡಬೇಕು. ಅದು ನನ್ನಿಂದಾಗುವುದಿಲ್ಲ. ಬೈಸಿಕೊಳ್ಳುತ್ತೇನೆ, ಅದು ಆಗುತ್ತದೆ. ಆದ್ದರಿಂದ ಭಾನುವಾರ ಬರುವುದಾದರೆ ತಿಳಿದುಕೊಂಡು ಬಾ. ಅವರನ್ನೂ ಕರೆತರುವುದಾದರೆ ಇದನ್ನೇ ತೋರಿಸು, ನಾನೇ ಗೊಂಬೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂರುತ್ತೇನೆ, ಮೇಡಮ್ಮು ಎಷ್ಟು ಬೇಕಾದರೂ ಫೋಟೋ ತೆಗೆಯಲಿ. ಬರುವುದೇ ಇಲ್ಲ ಎಂದರೆ ಅದೂ ಸರಿ. ನಿಮ್ಮಪ್ಪನಿಗೆ ಮಾತ್ರ ಫೋನು ಮಾಡಿ, ಕರು ತರಬೇಡ, ನನಗೆ ಗೊತ್ತಾಯಿತು ಎನ್ನು. ಯಾರು ಹೇಳಿದರು ಎಂದು ಕೇಳಿದರೆ ನನ್ನ ಹೆಸರೇ ಹೇಳು. ಈ ಮನೆಯಿಂದ ನನ್ನನ್ನು ಎಲ್ಲಿಗೆ ಓಡಿಸುತ್ತಾನೆ, ನನಗೆ ನಡೆಯಲೇ ಬರುವುದಿಲ್ಲ.

ನಿಮ್ಮಮ್ಮನ ಮೇಲೆ ಹಾರಾಡಬೇಡ. ಅವಳು ಒಂದೊಂದು ವಾರವೂ ಆ ಬೆಣ್ಣೆ ಡಬ್ಬಕ್ಕೆ ಬಟ್ಟೆ ಕಟ್ಟಿ ಬಸ್ಸಿನವನ ಕೈಗೆ ಕೊಡುವಾಗ ಅವನ ಕಾಲು ಹಿಡಿಯುವುದೊಂದು ಬಾಕಿ. ನಿನಗೆ ಒಳ್ಳೆಯದಾಗಲಿ, ಕೈಕಾಲು ಗಟ್ಟಿಯಾಗಲಿ, ಓದಿದ್ದು ತಲೆಗೆ ಹತ್ತಲಿ, ನಿನ್ನ ವಾರ್ಡಿನಲ್ಲಿ ಮಲಗಿದವರೆಲ್ಲ ಎದ್ದು ಮನೆಗೆ ಹೋಗಲಿ. ಹಾಸ್ಟೆಲಿನ ಆ ಹನ್ನೊಂದು ಜನಕ್ಕೂ ಈ ಮುದುಕ ಕೇಳಿದ ಎಂದು ಹೇಳು. ಸಿಟ್ಟು ಬಂದರೂ ಕಾಗದ ಬರಿ, ಬೈದಾದರೂ ಬರಿ.

ಇಂತಿ ನಿನ್ನ,
ಹಾಸಿಗೆ ಅಜ್ಜ

ತಾ.ಕ.: ಕಾಂಪೌಂಡರ್ ಬಂದು ಹೊರಗೆ ಕೈ ತೊಳೆಯುತ್ತಿದ್ದಾನೆ, ಅಕ್ಷರ ನೋಡಬೇಡ. ಮೇಲೆ ಭೇದಿ ಹಿಡಿಯಿತು ಎಂದು ಬರೆದೆ. ಸುಮ್ಮನೆ ಹಿಡಿಯಲಿಲ್ಲ. ಕರು ಕುಡಿದು ಮಿಕ್ಕಿದ್ದು ಎಂದು ನಿನಗೆ ಬರೆದುಕೊಟ್ಟ ನಾಲ್ಕನೇ ದಿನಕ್ಕೇ ಹಾಲು ಸಾಲದೆ ಬಂತು. ಕೇಂದ್ರದ ಕ್ಯಾನು ಕಡಿಮೆ ಮಾಡುವ ಹಾಗಿಲ್ಲ, ನಿನ್ನ ಬೆಣ್ಣೆಗೆ ಹಾಲು ಬೇಕು, ಉಳಿದದ್ದು ಚಪ್ಪಾಳೆಯ ಪಾಲು. ‘ಏನ್ ಮಾಡ್ಲಿ ಅಪ್ಪ’ ಎಂದು ನಿಮ್ಮಮ್ಮ ಕೇಳಿದಳು. ‘ಕರೂನ ಎಳ್ಕೋ, ಮಗೂಗೆ ಕಳ್ಸು’ ಎಂದವನು ನಾನು. ಎರಡು ಗುಟುಕಿಗೆ ಬಿಟ್ಟು ಎಳೆದುಕೊಂಡು ಬರುತ್ತಿದ್ದಳು. ಹೊಟ್ಟೆಗೆ ಪುಡಿ ಹಾಲು ಕಲಸಿ ಈ ಕಿಟಕಿಯಿಂದ ಬಕೆಟ್ ಇಟ್ಟವನು ನಾನು. ಪುಡಿ ಬೇಗ ಮುಗಿಯದಿರಲಿ ಎಂದು ನೀರು ಹೆಚ್ಚು ಹಾಕಿದವನೂ ನಾನೇ. ಅವನು ಕಿವಿ ಬಡಿದುಕೊಂಡು ಅದನ್ನೂ ಕುಡಿದ. ಹದಿನೈದು ದಿನ ಕುಡಿದ. ಇದನ್ನು ನಿನಗೆ ಹೇಳಲೇಬಾರದು ಎಂದಿದ್ದೆ, ಇದರಲ್ಲಿ ನಿನ್ನ ತಪ್ಪು ಕೂದಲೆಳೆಯಷ್ಟೂ ಇಲ್ಲ. ಇನ್ನೊಂದು ಮಾತು, ನೀನು ನನ್ನ ಮುಖ ನೋಡದೆ ಹೋದರೂ ಸರಿ. ನಾಳೆ ಮತ್ತೆ ಇಬ್ಬರಲ್ಲಿ ಒಬ್ಬರಿಗೆ ಎಂದು ಬಂದರೆ ನಾನು ಮತ್ತೆ ನಿನಗೇ ಕೊಡುತ್ತೇನೆ. ಅದು ತಪ್ಪು ಎಂದು ನೀನು ಹೇಳಿದರೆ ಒಪ್ಪುತ್ತೇನೆ, ಒಪ್ಪಿಯೂ ಕೊಡುತ್ತೇನೆ. ಡಬ್ಬದಲ್ಲಿ ಬೆಣ್ಣೆ ಇನ್ನೂ ಉಳಿದಿರುತ್ತದೆ. ಚೆಲ್ಲುವುದಾದರೆ ಚೆಲ್ಲಿ ಬೇರೆ ಏನಾದರೂ ಹೊಟ್ಟೆ ತುಂಬ ತಿನ್ನು. ಅದನ್ನೇ ತಿನ್ನುವುದಾದರೆ ಗೊತ್ತಿದ್ದು ತಿನ್ನು.